ಉಳಿಸುವುದರಲ್ಲಿದೆ ಕೈಚಳಕ

ಯೋನಿಯ ಒಳತುಟಿಯನ್ನು ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೂ ಪಳಗಿದ ಸರ್ಜನ್ ಇದನ್ನು ಸಣ್ಣ ಕೆಲಸ ಅನ್ನುವುದಿಲ್ಲ.

ಮೊದಲು ಮಾತು. ಬೈಕ್ ಮೇಲೆ ಕೂತಾಗ ಉಜ್ಜುತ್ತದೆಯೇ, ಬಿಗಿ ಬಟ್ಟೆಗೆ ಸಿಕ್ಕಿ ನೋಯುತ್ತದೆಯೇ, ಗಂಡನ ಜೊತೆ ಕೂಡುವಾಗ ಎಳೆದಂತಾಗುತ್ತದೆಯೇ ಎಂದು ವಿಚಾರಿಸುತ್ತಾರೆ. ತೊಂದರೆ ಏನೂ ಇಲ್ಲ, ನೋಡಲು ಸರಿಯಿಲ್ಲ ಅಷ್ಟೇ ಎಂದರೆ ಒಳ್ಳೆಯ ವೈದ್ಯರು ಅವಸರ ಮಾಡುವುದಿಲ್ಲ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 50 ಹೆಂಗಸರನ್ನು ಅಳೆದಾಗ ಒಳತುಟಿಯ ಅಗಲ 7 ಮಿಲಿಮೀಟರಿನಿಂದ 50ರವರೆಗೆ ಇತ್ತು. ಎರಡು ಬದಿ ಸಮ ಇಲ್ಲದಿರುವುದು, ಅಂಚು ಕಪ್ಪಗಿರುವುದು ಎಲ್ಲವೂ ಸಹಜ. ಇಷ್ಟು ಕೇಳಿ ನಿರಾಳವಾಗಿ ಎದ್ದುಹೋದರೆ ಅದೂ ಚಿಕಿತ್ಸೆಯೇ ಎಂದು ನನ್ನ ಎಣಿಕೆ.

ಮುಂದಿನದು ಪೆನ್ನಿನ ಗುರುತು. ನನಗೆ ಬಹಳ ಹಿಡಿಸಿದ್ದು ಇದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಚರ್ಮ ಉಬ್ಬಿ ಅಳತೆ ಕೆಡುತ್ತದೆ. ಆದ್ದರಿಂದ ಗೆರೆ ಅದಕ್ಕೂ ಮೊದಲೇ. ಜಗ್ಗಿ ಹಿಡಿದು ಗೆರೆ ಎಳೆದರೆ ಬಿಟ್ಟಾಗ ತೀರಾ ಗಿಡ್ಡವಾಗುತ್ತದೆ. ಸುಮಾರು ಒಂದು ಸೆಂಟಿಮೀಟರ್ ಆದರೂ ಉಳಿಸಬೇಕು. ಹೆಚ್ಚು ಉಳಿದರೆ ಇನ್ನೊಮ್ಮೆ ತೆಗೆಯಬಹುದು, ಹೆಚ್ಚು ಹೋದದ್ದನ್ನು ತಂದು ಕೂಡಿಸುವುದು ಬಲು ಕಷ್ಟ.

ಕತ್ತರಿಸುವ ಬಗೆ ಮುಖ್ಯವಾಗಿ ಎರಡು. ಅಂಚನ್ನೇ ಉದ್ದಕ್ಕೂ ಕತ್ತರಿಸುವುದು ಒಂದು. ಕಪ್ಪು ಅಂಚು ಹೋಗುತ್ತದೆ, ಹೊಲಿಗೆಯ ಗೆರೆ ಅಂಚಿನಲ್ಲೇ ಉಳಿಯುತ್ತದೆ. ಸರ್ಜನ್ ಗ್ಯಾರಿ ಆಲ್ಟರ್ 1998ರಲ್ಲಿ ವಿವರಿಸಿದ ಇನ್ನೊಂದು ಬಗೆಯಲ್ಲಿ ನಡುವಿನಿಂದ ಕಲ್ಲಂಗಡಿ ಹೋಳಿನಂತೆ ಮೂರು ಮೂಲೆಯ ತುಂಡು ತೆಗೆದು ಎರಡು ಕಡೆ ಕೂಡಿಸುತ್ತಾರೆ. ಸಹಜ ಅಂಚು ಉಳಿಯುತ್ತದೆ. ಆದರೆ ಹೊಲಿಗೆ ಎಳೆತಕ್ಕೆ ಸಿಕ್ಕಿ ಬಿಡಬಹುದು; ಅದಕ್ಕೇ ಕರಗುವ ಸಣ್ಣ ದಾರದಲ್ಲಿ ಪದರ ಪದರವಾಗಿ ಹೊಲಿಯುವ ತಾಳ್ಮೆ ಬೇಕು.

ಮೊದಲ ಕೆಲವು ದಿನ ಬಾವು ಜೋರು, ನೋಡಿದರೆ ಗಾಬರಿಯಾಗುವಷ್ಟು. ಬಟ್ಟೆಯಲ್ಲಿ ಸುತ್ತಿದ ಐಸ್, ಸಡಿಲ ಉಡುಪು, ಮೂತ್ರದ ನಂತರ ನೀರು ಸುರಿದು ಮೆಲ್ಲಗೆ ಒತ್ತಿ ಒರೆಸುವುದು, ಇಷ್ಟೇ ಆರೈಕೆ. ಬೈಕ್, ಭಾರದ ಕೆಲಸ, ಕೂಡುವುದು ಸುಮಾರು ಆರು ವಾರ ಬೇಡ. ಅಂತಿಮ ರೂಪ ಕಾಣಲು ಕೆಲವು ತಿಂಗಳು ಹಿಡಿಯುತ್ತದೆ. ರಕ್ತ ಗಡ್ಡೆಕಟ್ಟುವುದು, ಸೋಂಕು, ಸ್ಪರ್ಶಜ್ಞಾನ ಬದಲಾಗುವುದು ಇಂಥ ಅಪಾಯಗಳೂ ಉಂಟು.

ಇದಕ್ಕೆ ಹೈದರಾಬಾದಿಗೆ ಹೋಗುವುದಾದರೆ, ಜಹೀರಾಬಾದಿನಿಂದ ಅದು ಸುಮಾರು 100 ಕಿಲೋಮೀಟರ್. ನಾರಾಯಣಖೇಡ, ತಾಂಡೂರಿನವರಿಗೂ ಅದು ದೂರವೇ. ಹೋಗುವವರು ಒಂದೆರಡು ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಲೇಸು. ಮನೆಮಾತು ಕನ್ನಡ, ಡಾಕ್ಟರ ಮಾತು ತೆಲುಗು ಆದರೆ ನಾಚದೆ ಅಕ್ಕನನ್ನೋ ಅತ್ತಿಗೆಯನ್ನೋ ಜೊತೆಗೆ ಕರೆದೊಯ್ಯಿರಿ. ಯಾವ ಬಗೆ, ಎಷ್ಟು ಉಳಿಸುತ್ತೀರಿ, ರಾತ್ರಿ ರಕ್ತ ಬಂದರೆ ಯಾರಿಗೆ ಫೋನ್ ಮಾಡಲಿ ಎಂದು ಕೇಳಿ. ಉತ್ತರಿಸಲು ಬೇಸರಪಡುವ ಸರ್ಜನ್ನರ ಕೈಗೆ ಮೈ ಕೊಡಬೇಡಿ.