ಅಧ್ಯಾಯ 7: ಒಂದೇ ಸರ್ವರ್, ಎರಡು ಬಗೆಯ ಉತ್ತರ

ಬ್ರೌಸರಿನಲ್ಲಿ ಪುಟವೊಂದು ಮೂಡಬೇಕಾದರೆ ಸರ್ವರ್ ಎರಡು ಬಗೆಯ ಸರಕು ಕಳಿಸಬೇಕು. ವಿನ್ಯಾಸ, ಚಿತ್ರ, ಜಾವಾಸ್ಕ್ರಿಪ್ಟ್ ಎಲ್ಲರಿಗೂ ಒಂದೇ. ಇವು ಸ್ಟ್ಯಾಟಿಕ್ ಫೈಲುಗಳು. ಕೇಳಿದವರನ್ನೂ ಕೇಳಿದ ಹೊತ್ತನ್ನೂ ನೋಡಿಕೊಂಡು ಬದಲಾಗುವ ಮಾಹಿತಿ ಸಾಮಾನ್ಯವಾಗಿ ಜೇಸನ್ ರೂಪದಲ್ಲಿ ಬರುತ್ತದೆ. 2014ರಲ್ಲಿ ಮೊದಲ ಆವೃತ್ತಿ ಕಂಡ ಜಾವಾದ ಸ್ಪ್ರಿಂಗ್ ಬೂಟ್ ಎರಡನ್ನೂ ಒಂದೇ ಪ್ರೋಗ್ರಾಮಿನಿಂದ ಕೊಡುತ್ತದೆ. ಟಾಮ್‌ಕ್ಯಾಟ್ ಸರ್ವರ್ ಅದರೊಳಗೇ ಇರುವುದರಿಂದ, ಪ್ರೋಗ್ರಾಮ್ ಚಾಲೂ ಮಾಡಿದೊಡನೆ 8080ನೇ ಪೋರ್ಟ್ ತೆರೆದುಕೊಳ್ಳುತ್ತದೆ.

ಇದ್ದದ್ದು ಇದ್ದಂತೆ

‘ರಿಸೋರ್ಸಸ್’ ಒಳಗಿನ ‘ಸ್ಟ್ಯಾಟಿಕ್’ ಫೋಲ್ಡರಿನಲ್ಲಿ ಫೈಲ್ ಇಟ್ಟರೆ ಸಾಕು, ಕೋಡ್ ಬರೆಯುವ ಕೆಲಸವೇ ಇಲ್ಲ. ಫೈಲಿನ ಜೊತೆ ಅದು ಕೊನೆಯದಾಗಿ ಬದಲಾದ ಸಮಯವೂ ಹೋಗುತ್ತದೆ. ಬ್ರೌಸರ್ ಮುಂದಿನ ಸಲ ‘ಆಮೇಲೆ ಬದಲಾಗಿದೆಯೇ?’ ಎಂದು ಕೇಳಿದಾಗ, ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಫೈಲನ್ನು ಮತ್ತೆ ಹೊತ್ತು ತರುವುದಿಲ್ಲ.

ಈ ಫೋಲ್ಡರ್ ಕೊನೆಗೆ ಜಾರ್ ಫೈಲಿನೊಳಗೆ ಸೇರಿಹೋಗುತ್ತದೆ. ಹಾಗಾಗಿ ಬಳಕೆದಾರರು ಏರಿಸುವ ಫೋಟೋಗಳಿಗೆ ಇದು ತಕ್ಕ ಜಾಗವಲ್ಲ. ಅವಕ್ಕೆ ಹೊರಗೆ ಬೇರೆ ಫೋಲ್ಡರ್ ಗೊತ್ತುಮಾಡಬೇಕು.

ಕೇಳಿದಾಗ ಕಟ್ಟುವುದು

ಕ್ಲಾಸಿನ ಮೇಲೆ ‘ರೆಸ್ಟ್‌ಕಂಟ್ರೋಲರ್’ ಎಂಬ ಗುರುತು ಹಾಕಿ, ವಿಳಾಸಕ್ಕೊಂದು ಮೆಥಡ್ ಬರೆದರೆ, ಅದು ಹಿಂದಿರುಗಿಸಿದ ಆಬ್ಜೆಕ್ಟನ್ನು ಜಾಕ್ಸನ್ ಎಂಬ ಲೈಬ್ರರಿ ಜೇಸನ್ ಆಗಿಸುತ್ತದೆ. ಪುಸ್ತಕದ ಆಬ್ಜೆಕ್ಟೊಂದು ಹೊರಬರುವುದು ಹೀಗೆ:

{"ಹೆಸರು": "ಮಲೆಗಳಲ್ಲಿ ಮದುಮಗಳು", "ವರ್ಷ": 1967}

ಇದು ಯುಟಿಎಫ್-8 ಸಂಕೇತದಲ್ಲಿ ಸಾಗುತ್ತದೆ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಬೈಟ್. ‘ಹೆಸರು’ ಎಂಬುದರಲ್ಲಿ ಮೂರು ಅಕ್ಷರ, ಎರಡು ಚಿಹ್ನೆ. ಒಟ್ಟು 15 ಬೈಟ್.

ಮೊದಲ ಹಕ್ಕು ಯಾರದು?

ಒಂದೇ ವಿಳಾಸಕ್ಕೆ ಕಂಟ್ರೋಲರೂ ಫೈಲೂ ಇದ್ದರೆ ಗೆಲ್ಲುವುದು ಕಂಟ್ರೋಲರ್. ಅಲ್ಲಿ ಹೊಂದದಿದ್ದರೆ ಫೈಲಿನ ಹುಡುಕಾಟ. ಅದೂ ಸಿಗದಿದ್ದರೆ 404. ಇಟ್ಟ ಫೈಲ್ ಕಾಣದೆ ಬೇರೇನೋ ಬಂದರೆ ಮೊದಲು ಕಂಟ್ರೋಲರುಗಳ ವಿಳಾಸ ನೋಡಿ.

ಕೇಳದೆಯೇ ಹೊರಹೋಗುವುದು

ಎರಡೂ ದಾರಿಯ ಸಲೀಸುತನದಲ್ಲೇ ಅಪಾಯವೂ ಇದೆ. ಜಾಕ್ಸನ್ ಆಬ್ಜೆಕ್ಟಿನ ಗೆಟರ್ ಮೆಥಡುಗಳನ್ನು ನೋಡಿ ಜೇಸನ್ ಕಟ್ಟುತ್ತದೆ. ಬಳಕೆದಾರರ ಆಬ್ಜೆಕ್ಟಿನಲ್ಲಿ ಪಾಸ್‌ವರ್ಡಿಗೂ ಗೆಟರ್ ಇದ್ದರೆ ಅದೂ ಸೇರಿಕೊಳ್ಳುತ್ತದೆ. ‘ಜೇಸನ್‌ಇಗ್ನೋರ್’ ಗುರುತಿನಿಂದ ತಡೆಯಬಹುದು, ಆದರೆ ಗುರುತು ಹಾಕಲು ಮರೆತರೆ ಮುಗಿಯಿತು. ಹೊರಗೆ ಕಳಿಸಬೇಕಾದಷ್ಟನ್ನೇ ಇಟ್ಟುಕೊಂಡ ಚಿಕ್ಕ ‘ರೆಕಾರ್ಡ್’ ಬರೆದು ಅದನ್ನೇ ಹಿಂದಿರುಗಿಸುವುದು ಮೇಲು. ಸ್ಟ್ಯಾಟಿಕ್ ಫೋಲ್ಡರಿನದೂ ಇದೇ ಕಥೆ: ಪ್ರತ್ಯೇಕ ಕಾವಲು ಹಾಕದಿದ್ದರೆ ಅಲ್ಲಿರುವುದೆಲ್ಲ ವಿಳಾಸ ಊಹಿಸಿದವರ ಕೈಗೆ ಸಿಗುತ್ತದೆ.

ಮಾಡಿ ನೋಡಿ: ಬ್ರೌಸರಿನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ಪಟ್ಟಿ ತೆರೆದು, ಪುಟವನ್ನು ಮತ್ತೆ ಲೋಡ್ ಮಾಡಿ. ಯಾವ ಸಾಲಿನಲ್ಲಿ 304 ಇದೆ, ಯಾವುದರಲ್ಲಿ 200 ಇದೆ ಗುರುತಿಸಿ. ಆಮೇಲೆ ಜೇಸನ್ ಸಾಲನ್ನು ಒತ್ತಿ, ನೀವು ಕಳಿಸಬೇಕೆಂದುಕೊಂಡದ್ದಕ್ಕಿಂತ ಹೆಚ್ಚಿನದೇನಾದರೂ ಅದರಲ್ಲಿದೆಯೇ ಎಂದು ಓದಿ.