ಕರಿ ಕಾರಿನ ಗೀರು, ನಮ್ಮ ಸೀಮೆಯ ಧೂಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಓಡಾಡುವ ಕರಿ ಕಾರುಗಳನ್ನು ಬಿಸಿಲಲ್ಲಿ ನೋಡಿ. ಮೈತುಂಬ ಜೇಡರ ಬಲೆಯಂಥ ಸಣ್ಣ ಗೀರು. ಬಿಳಿ ಕಾರಿಗೂ ಬಿದ್ದಿರುತ್ತೆ, ಕಾಣಲ್ಲ ಅಷ್ಟೇ.

ಬಹುಪಾಲು ಗೀರಿಗೆ ಒಣಬಟ್ಟೆಯೇ ಕಾರಣ ಅಂತೀನಿ ನಾನು. ನಮ್ಮದು ಗ್ರಾನೈಟ್ ಸೀಮೆ. ಇಲ್ಲಿನ ಧೂಳಲ್ಲಿರುವ ಕ್ವಾರ್ಟ್ಸ್ ಮಾಮೂಲಿ ಚಾಕುವಿಗಿಂತ ಗಟ್ಟಿ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್, ಕೂದಲೆಳೆಗಿಂತ ತೆಳು.

ಮೊದಲು ನೀರು ಸುರಿದು ಧೂಳು ಇಳಿಸಿ. ಎರಡು ಬಕೆಟ್ ಇಟ್ಕೊಳ್ಳಿ: ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸೋಕೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒರೆಸಿ. ಬೋರ್‌ವೆಲ್ ನೀರು ಮೈಮೇಲೇ ಒಣಗಿದರೆ ಬಿಳಿ ಕಲೆ ಕೂರುತ್ತೆ. ನೀರಿಗೆ ಪರದಾಡುವ ದಿನ ಧೂಳು ಹಾಗೇ ಇರಲಿ.

ಉಗುರಿಗೆ ತಾಗದ ಗೀರನ್ನು ಪಾಲಿಶ್ ತೆಗೆಯುತ್ತೆ. ಆದರೆ ಅದು ತೆಗೆಯೋದು ಕ್ಲಿಯರ್ ಕೋಟನ್ನೇ ಸವೆಸಿ, ಹಾಗಾಗಿ ಪದೇ ಪದೇ ಬೇಡ. ವ್ಯಾಕ್ಸ್ ಗೀರನ್ನು ಮರೆಮಾಡುತ್ತೆ, ತೆಗೆಯಲ್ಲ.

ಇದೇ ಕ್ವಾರ್ಟ್ಸ್ ಧೂಳು ಕ್ವಾರಿ, ಕ್ರಷರ್ ಕಾರ್ಮಿಕರ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್. ಅದು ವಾಸಿಯಾಗುವ ಕಾಯಿಲೆಯಲ್ಲ. ಅಲ್ಲೂ ಮೊದಲ ಉಪಾಯ ನೀರು ಚಿಮುಕಿಸಿ ಧೂಳು ಕೂರಿಸೋದೇ. ಕಾರಿಗೆ ಎರಡು ಬಕೆಟ್ ಹೊಂದಿಸುವ ನಾವು, ಕ್ರಷರ್‌ನಲ್ಲಿ ನೀರು ಚಿಮುಕಿಸ್ತಾರಾ ಅಂತಲೂ ಕೇಳಬೇಕು.