ಹೊಲದ ದಾರಿಗೆ ಯಾವ ಬ್ಲೇಡು?

ಚಿತ್ತೆ ಮಳೆ ಹಿಡಿದ ದಿನಗಳಲ್ಲಿ ಗುಬ್ಬಿಯ ಕಡೆಯ ತೆಂಗಿನ ತೋಟಗಳಿಗೆ ಹೋಗುವ ಕೆಮ್ಮಣ್ಣಿನ ದಾರಿಗಳನ್ನು ನೋಡಬೇಕು. ಕಾಯಿ ಕೊಳ್ಳಲು ಬಂದ ವ್ಯಾಪಾರಿಯ ಲಾರಿ ಟಾರು ರಸ್ತೆ ಬಿಟ್ಟು ಕೆಳಗಿಳಿಯದು. ತೋಟದಿಂದ ಅಲ್ಲಿಯವರೆಗೆ ಕಾಯಿ ಹೊರಿಸುವ ಕೂಲಿಯನ್ನು ಆತ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ. ಕುಣಿಗಲಿನ ಕಡೆ ಗದ್ದೆ ಬಯಲಿನ ದಾರಿಗಳಲ್ಲಿ ನಸುಕಿನಲ್ಲೇ ಡೇರಿಗೆ ಹಾಲು ಒಯ್ಯುವವರು ಕ್ಯಾನಿನೊಡನೆ ಜಾರಿ ಬೀಳುವುದುಂಟು. ಹೊಲದ ನಡುವೆ ಮನೆ ಕಟ್ಟಿಕೊಂಡವರಿಗಂತೂ ಹೆರಿಗೆಯ ಹೊತ್ತಿಗೆ ಆಂಬ್ಯುಲೆನ್ಸು ಬಾಗಿಲಿಗೆ ಬಂದೀತೇ ಎಂಬುದೇ ಚಿಂತೆ.

ಇಂದು ಊರೂರಿನಲ್ಲಿಯೂ ಟ್ರ್ಯಾಕ್ಟರುಗಳಿವೆ. ಒಂದೇ ದಾರಿಯನ್ನು ಬಳಸುವ ನಾಲ್ಕಾರು ಮನೆಯವರು ಸೇರಿ ಒಂದು ಉಪಕರಣವನ್ನು ಕೊಂಡರೆ ದಾರಿಯನ್ನು ತಾವೇ ನೇರ್ಪುಗೊಳಿಸಿಕೊಳ್ಳಬಹುದು. ಆದರೆ ಹಣ ಕಟ್ಟಿಕೊಂಡು ತುಮಕೂರಿನ ಯಂತ್ರದಂಗಡಿಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ಯಾವುದನ್ನು ಕೊಳ್ಳಬೇಕೆಂಬುದು.

ವೈರಿ ಯಾರು?

ಉತ್ತರ ಹುಡುಕುವ ಮುನ್ನ ದಾರಿಯನ್ನು ಕೆಡಿಸುವ ವೈರಿ ಯಾರೆಂದು ತಿಳಿಯಬೇಕು. ಗಾಡಿಯ ಚಕ್ರವೆಂದು ಹಲವರ ಎಣಿಕೆ. ನಿಜವಾದ ವೈರಿ ನಿಂತ ನೀರು. ಒಣಗಿದ ಕೆಮ್ಮಣ್ಣು ತುಂಬಿದ ಟ್ರೇಲರನ್ನೂ ಹೊರುತ್ತದೆ. ಅದೇ ಮಣ್ಣು ನೆನೆದು ಮೆತ್ತಗಾದರೆ ಸೈಕಲ್ಲಿನ ಚಕ್ರವೂ ಹೂಳುತ್ತದೆ. ಚಕ್ರ ಜಾಡು ಕೊರೆಯುತ್ತದೆ, ಜಾಡಿನಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಜಾಡು ಇನ್ನೂ ಆಳವಾಗುತ್ತದೆ. ಆದುದರಿಂದ ದಾರಿ ಸಮತಟ್ಟಾಗಿರಬಾರದು. ಅದು ಆಮೆಯ ಬೆನ್ನಿನಂತೆ ನಡುವೆ ಉಬ್ಬಿ ಎರಡು ಮಗ್ಗುಲಿಗೂ ಇಳಿದಿರಬೇಕು. ನಮ್ಮ ಸೀಮೆಯ ಮಳೆಗೆ ಮಣ್ಣಿನ ದಾರಿಯ ಇಳಿಜಾರು ನೂರಕ್ಕೆ 4ರಷ್ಟಿದ್ದರೆ ಸಾಕು. 3 ಮೀಟರು ಅಗಲದ ದಾರಿಯಲ್ಲಿ ನಡುಭಾಗ ಅಂಚಿಗಿಂತ 6 ಸೆಂಟಿಮೀಟರು ಎತ್ತರವಿದ್ದರೆ ಈ ಲೆಕ್ಕ ಕೂಡಿಬರುತ್ತದೆ.

ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆ ಅರ್ಧ ಮುಗಿದಂತೆಯೇ. ಗದ್ದೆಯನ್ನು ಮಟ್ಟಮಾಡುವ ಲೇಸರ್ ಲೆವೆಲರ್ ಎಷ್ಟೇ ಜಾಣ ಯಂತ್ರವಾಗಿರಲಿ, ದಾರಿಗೆ ಬೇಕಾದುದು ಮಟ್ಟವಲ್ಲ. ರೋಟವೇಟರು ಮಣ್ಣನ್ನು ಹಿಟ್ಟು ಮಾಡುತ್ತದೆ. ಆ ಹಿಟ್ಟು ಮೊದಲ ಮಳೆಗೇ ಕೆಸರಾಗುತ್ತದೆ.

ಮೂರು ಉಪಕರಣಗಳು

ಉಳಿದವು ಮುಖ್ಯವಾಗಿ ಮೂರು. ಮೊದಲನೆಯದು ಅಂಗಡಿಯವರು ಟೆರೇಸರ್ ಬ್ಲೇಡು ಎನ್ನುವ ಹಿಂಬದಿಯ ಬ್ಲೇಡು. ಇದನ್ನು ಓರೆಯಾಗಿ ತಿರುಗಿಸಬಹುದು, ಒಂದು ಮಗ್ಗುಲಿಗೆ ಬಾಗಿಸಲೂಬಹುದು. ಓರೆಯಾಗಿಟ್ಟು ಅಂಚಿನಿಂದ ನಡುವಿಗೆ ಎಳೆದರೆ ಮಣ್ಣು ದಿಂಡುಗಟ್ಟಿ ನಡುವಿಗೆ ಬಂದು ಬೀಳುತ್ತದೆ. ಆಮೆಯ ಬೆನ್ನನ್ನು ಕಟ್ಟಲೂ ಚರಂಡಿಯನ್ನು ಬಿಡಿಸಲೂ ಇದೇ ಸರಿ. ಇದಕ್ಕೊಂದು ದೋಷವೂ ಉಂಟು. ಟ್ರ್ಯಾಕ್ಟರಿನ ಮುಂಗಾಲಿ ಉಬ್ಬನ್ನು ಹತ್ತಿದಾಗ ಹಿಂದಿನ ಬ್ಲೇಡು ಕಚ್ಚುತ್ತದೆ, ತಗ್ಗಿಗೆ ಇಳಿದಾಗ ಮೇಲೇಳುತ್ತದೆ. ಕೈ ಪಳಗದವನು ಓಡಿಸಿದರೆ ದಾರಿ ಅಲೆಯಲೆಯಾಗುತ್ತದೆ.

ಎರಡನೆಯದು ಪೆಟ್ಟಿಗೆ ಬ್ಲೇಡು. ಎರಡು ಪಕ್ಕಕ್ಕೂ ತಗಡು, ಮುಂದೆ ಮಣ್ಣು ಕೀಳುವ ಹಲ್ಲುಗಳು. ಕಿತ್ತ ಮಣ್ಣನ್ನು ಹೊತ್ತೊಯ್ದು ಗುಂಡಿಗೆ ತುಂಬುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಆದರೆ ಮಣ್ಣನ್ನು ಪಕ್ಕಕ್ಕೆ ಸರಿಸುವುದು ಇದರ ಕೈಲಾಗದು. ಹಲ್ಲಿನ ಕೆಲಸವನ್ನು ಮನೆಯಲ್ಲಿರುವ ಕಲ್ಟಿವೇಟರೇ ಮಾಡುವಾಗ ಅದಕ್ಕಾಗಿ ಬೇರೆ ಹಣ ತೆರಬೇಕಾಗಿಲ್ಲ.

ಮೂರನೆಯದು ಉದ್ದನೆಯ ಎರಡು ಜಾರುಪಟ್ಟಿಗಳ ನಡುವೆ ಎರಡು ಬ್ಲೇಡುಗಳನ್ನು ಕೂರಿಸಿದ ಉಪಕರಣ. ಪಟ್ಟಿಗಳ ಮೇಲೆ ತಾನೇ ನಿಂತು ಸಾಗುವುದರಿಂದ ಟ್ರ್ಯಾಕ್ಟರಿನ ಕುಲುಕಾಟ ಇದಕ್ಕೆ ತಟ್ಟದು. ಉಬ್ಬನ್ನು ಹೆರೆದು ತಗ್ಗಿಗೆ ತುಂಬುತ್ತದೆ. ಕಟ್ಟಿದ ದಾರಿಯನ್ನು ಕಾಪಾಡಲು ಇದು ಉತ್ತಮ. ಕೆಟ್ಟ ದಾರಿಯನ್ನು ಹೊಸದಾಗಿ ಕಟ್ಟಲು ಸಾಲದು.

ಹೀಗಾಗಿ ಒಂದನ್ನೇ ಕೊಳ್ಳುವವರಿಗೆ ತಿರುಗುವ ಹಿಂಬದಿಯ ಬ್ಲೇಡೇ ಲೇಸು. ಕೊಳ್ಳುವಾಗ ಅಗಲವನ್ನು ಮರೆಯಬಾರದು. 6 ಅಡಿಯ ಬ್ಲೇಡನ್ನು 30 ಡಿಗ್ರಿ ತಿರುಗಿಸಿದರೆ ಅದು ಸವರುವ ಅಗಲ ಸುಮಾರು 5 ಅಡಿ 2 ಅಂಗುಲಕ್ಕೆ ಇಳಿಯುತ್ತದೆ. ಟ್ರ್ಯಾಕ್ಟರಿನ ಚಕ್ರದ ಜಾಡು ಅಳಿಯದೆ ಉಳಿಯುತ್ತದೆ. 7 ಅಡಿಯದಾದರೆ ಅಷ್ಟೇ ಓರೆಯಲ್ಲಿಯೂ 6 ಅಡಿ ಸಿಕ್ಕುತ್ತದೆ. ಕೊಳ್ಳುವ ಮುನ್ನ ತಮ್ಮ ಟ್ರ್ಯಾಕ್ಟರಿಗೆ ಅದನ್ನು ಎಳೆಯುವ ಶಕ್ತಿಯಿದೆಯೇ ಎಂದು ವಿಚಾರಿಸಬೇಕು. ಸಾಧ್ಯವಾದರೆ ಒಂದು ದಿನ ಬಾಡಿಗೆಗೆ ತಂದು ನೋಡುವುದು ಇನ್ನೂ ಮೇಲು.

ಹದವೇ ಮುಖ್ಯ

ಆದರೆ ಉಪಕರಣಕ್ಕಿಂತ ದೊಡ್ಡದು ಹದ. ಅಮೆರಿಕದ ಮಿಸ್ಸೂರಿ ರಾಜ್ಯದ ಡಿ. ವಾರ್ಡ್ ಕಿಂಗ್ ಎಂಬ ರೈತ 1896ರಲ್ಲಿ ತನ್ನ ಮನೆಯ ಮುಂದಿನ ಕೆಸರು ದಾರಿಯನ್ನು ಇಂಥ ಸರಳ ಉಪಾಯದಿಂದಲೇ ಗೆದ್ದ. ಆತನ ಹೆಸರಿನಿಂದ ಪ್ರಸಿದ್ಧವಾದ ಉಪಕರಣವೆಂದರೆ ಉದ್ದಕ್ಕೆ ಸೀಳಿದ ದಿಮ್ಮಿಯ ಎರಡು ಹೋಳುಗಳನ್ನು ಒಂದರ ಹಿಂದೊಂದು ಕಟ್ಟಿದ್ದು, ಅಷ್ಟೆ. ಅದನ್ನು ಪ್ರತಿ ಮಳೆಯ ನಂತರ ಕುದುರೆಗಳಿಂದ ಓರೆಯಾಗಿ ಎಳೆಸಬೇಕೆಂಬುದೇ ಆತನ ಗುಟ್ಟು. 1908ರಲ್ಲಿ ಆ ದೇಶದ ಕೃಷಿ ಇಲಾಖೆ ಈ ವಿಧಾನವನ್ನು ವಿವರಿಸಿ ರೈತರಿಗಾಗಿ ಪುಸ್ತಿಕೆಯನ್ನೇ ಹೊರತಂದಿತು. ಕುಂಟೆ ಹೊಡೆದು, ಹಲಗೆ ಎಳೆದು ಬಲ್ಲ ನಮ್ಮ ಒಕ್ಕಲಿಗನಿಗೆ ಇದರಲ್ಲಿ ಹೊಸತೇನಿದೆ?

ಮಳೆ ನಿಂತ ಮೇಲೆ ಮಣ್ಣನ್ನು ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಅಂಗೈಗೆ ಮೆತ್ತಬಾರದು. ಬಿತ್ತನೆಯ ಹದ ಬಲ್ಲವನಿಗೆ ದಾರಿಯ ಹದವನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಸವರಿದರೆ ಧೂಳು ಮಾತ್ರ ಏಳುತ್ತದೆ. ಮುಂಗಾರಿನ ಮೊದಲ ಮಳೆಗಳ ಹದದಲ್ಲಿ ಬೆನ್ನು ಕಟ್ಟಿ, ತುಂಬಿದ ಟ್ರೇಲರನ್ನು ದಾರಿಯ ಅಗಲಕ್ಕೂ ನಿಧಾನವಾಗಿ ಓಡಿಸಿ ಮಣ್ಣನ್ನು ಅದುಮಬೇಕು. ಮುಂದೆ ಜೋರು ಮಳೆಯಾದಾಗಲೆಲ್ಲ ಹಗುರವಾಗಿ ಒಮ್ಮೆ ಸವರಬೇಕು. ಜೇಡಿ ಇರುವಲ್ಲಿ ಗರಸು ಹಾಕದೆ ಯಾವ ಬ್ಲೇಡೂ ಗುಣ ತಾರದು.

ಇನ್ನೊಂದು ಎಚ್ಚರಿಕೆ ಅಗತ್ಯ. ಚರಂಡಿಯ ನೀರು ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ನೆರೆಹೊರೆಯವರೊಡನೆ ಕುಳಿತು ಮಾತಾಡಿಕೊಳ್ಳಬೇಕು. ಆ ನೀರು ಪಕ್ಕದವನ ರಾಗಿ ಹೊಲಕ್ಕೆ ನುಗ್ಗಿದರೆ ದಾರಿಯೇನೋ ಉಳಿದೀತು, ನೆಂಟಸ್ತಿಕೆ ಉಳಿಯದು.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿದಾಗ ಹೆಚ್ಚಿನ ನೀರು ಸೈಫನ್ನುಗಳ ಮೂಲಕ ತಾನಾಗಿಯೇ ಹೊರಬೀಳುವುದನ್ನು ನೋಡಲು ಜನ ಬರುತ್ತಾರೆ. ಯಾರೂ ಬಾಗಿಲು ಎತ್ತಬೇಕಾಗಿಲ್ಲ. ಹೊಲದ ದಾರಿಯಲ್ಲಿಯೂ ಆಗಬೇಕಾದುದು ಇಷ್ಟೇ: ರಾತ್ರಿ ಸುರಿದ ಮಳೆ ಯಾರನ್ನೂ ಎಬ್ಬಿಸದೆ ಮಗ್ಗುಲಿಗೆ ಹರಿದುಹೋಗಬೇಕು, ಬೆಳಗಾದರೆ ಹಾಲಿನ ಕ್ಯಾನು ನೆಟ್ಟಗೆ ಡೇರಿ ಸೇರಬೇಕು.